ಎಕ್ಸ್‌ಪ್ರೆಸ್ ಅಕ್ಕನ ಬಲಗಾಲು

ಬೀದಿಯವರು ಅವಳಿಗೆ ಎಕ್ಸ್‌ಪ್ರೆಸ್ ಅಕ್ಕ ಎಂದು ಹೆಸರಿಟ್ಟದ್ದು ಅವಳ ನಡಿಗೆ ನೋಡಿ ಅಲ್ಲ, ಅವಳ ಹೊಲಿಗೆ ಮಷೀನಿನ ಸದ್ದು ಕೇಳಿ. ಟೇಲರ್ ಅಂಗಡಿಯ ಬಾಗಿಲ ಪಕ್ಕದಲ್ಲೇ ಕಾಲಲ್ಲಿ ತುಳಿಯುವ ಹಳೇ ಮಷೀನು. ಪೆಡಲಿನ ಮೇಲೆ ಬಲಗಾಲನ್ನು ತುಸು ಮುಂದೆ, ಎಡಗಾಲನ್ನು ತುಸು ಹಿಂದೆ ಇಟ್ಟು ಅವಳು ಶುರು ಹಚ್ಚಿಕೊಂಡರೆ ಎದುರಿನ ಚಹಾದಂಗಡಿಯ ಲೋಟಗಳು ಒಂದಕ್ಕೊಂದು ತಾಗಿ ಮಾತಾಡಿಕೊಳ್ಳುತ್ತವೆ ಎಂಬ ಪ್ರತೀತಿಯಿತ್ತು. ಗಂಡ ಅಳತೆ ತೆಗೆದು ಬಟ್ಟೆ ಕತ್ತರಿಸುವವನು, ಅವಳು ಹೊಲಿಯುವವಳು. ಅತ್ತೆ ಮೂಲೆಯಲ್ಲಿ ಕೂತು ಗುಂಡಿ ಹಚ್ಚುತ್ತಾ ಇಬ್ಬರ ಕೆಲಸದಲ್ಲೂ ಹುಳುಕು ಹುಡುಕುವವಳು. ತೀರಿಕೊಂಡ ಟೇಲರ್‌ನ ಹೆಂಡತಿ, ಈಗಿನ ಟೇಲರ್‌ನ ತಾಯಿ ಎಂಬ ಎರಡು ಪದವಿಗಳಿಂದ ಆಕೆಗೆ ಆ ಅಧಿಕಾರ ಬಂದಿತ್ತು.

ಇಂಥ ಕಾಲನ್ನು ಕೆಡವಬೇಕಾದರೆ ಭೂಕಂಪವೋ ದಂಡಯಾತ್ರೆಯೋ ಬೇಕು ಎಂದು ಯಾರಾದರೂ ಅಂದುಕೊಂಡಾರು. ಸಾಕಾದದ್ದು ಅಂಗಡಿಯ ಮುಂದಿನ ಒಂಟಿ ಮೆಟ್ಟಿಲು. ಶಾಲೆಯ ಸಮವಸ್ತ್ರಗಳನ್ನು ಗಲ್ಲದವರೆಗೆ ಪೇರಿಸಿಕೊಂಡು ಹೊರಬಂದ ಅಕ್ಕ, ಮದುವೆಯಾದಾಗಿನಿಂದ ದಾಟಿಕೊಂಡು ಬಂದ ಮೆಟ್ಟಿಲನ್ನು ಅವತ್ತೊಂದು ದಿನ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸಮವಸ್ತ್ರಗಳಿಗೆ ಮಣ್ಣಿನ ಒಂದು ಕಣವೂ ತಾಗಲಿಲ್ಲ, ಏಕೆಂದರೆ ಅವೆಲ್ಲ ಅವಳ ಮೇಲೆ ಬಿದ್ದಿದ್ದವು. ಬಲಗಾಲಿಗೂ ಪಾದಕ್ಕೂ ನಡುವಿನ ಕೀಲು, ಹರಡು, ಮಾತ್ರ ಲಟಕ್ಕೆಂದಿತ್ತು.

ವಾರಗಟ್ಟಲೆ ಪ್ಲಾಸ್ಟರಿನೊಳಗೆ ಅಜ್ಞಾತವಾಸ ಮುಗಿಸಿ ಕಾಲು ಹೊರಬಂದಾಗ ಅಕ್ಕ ಅದನ್ನು ಬೇರೆ ಯಾರದೋ ಕಾಲು ನೋಡಿದಂತೆ ನೋಡಿದಳು. ಮೀನಖಂಡ ಸೊರಗಿ ಕಡ್ಡಿಯಾಗಿದೆ, ಅದರ ತುದಿಗೆ ಹರಡು ಬದನೆಕಾಯಿಯಂತೆ ಊದಿ ನೇತಾಡುತ್ತಿದೆ. ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮಾತು ಮೆತ್ತಗೆ, ನಿಯಮ ಗಟ್ಟಿ. ಬೆರಳು ಆಡಿಸಿ, ಪಾದಕ್ಕೆ ಟವೆಲ್ ಸುತ್ತಿ ಎಳೆಯಿರಿ, ಮೊದಲು ಊತ ಇಳಿಯಲಿ ಎಂದಳು. ಮಷೀನು ತುಳಿಯುವುದು ಯಾವಾಗ ಎಂದು ಕೇಳಿದ್ದಕ್ಕೆ, ಊತ ಇಳಿದು ಪಾದ ನೋವಿಲ್ಲದೆ ಮೇಲೆ ಕೆಳಗೆ ಆಡಿದ ಮೇಲೆ, ಅಲ್ಲಿಯವರೆಗೆ ಪೆಡಲಿನ ಹತ್ತಿರ ಸುಳಿಯಲೂ ಬೇಡಿ ಎಂದಳು.

ಗಂಡನಿಗೆ ಹೊಳೆದದ್ದು ಮೋಟಾರು. ಪೆಡಲು ಕಿತ್ತು ಮಷೀನಿಗೆ ಕರೆಂಟಿನ ಮೋಟಾರು ಕೂರಿಸಿಬಿಟ್ಟರೆ ಎಡಗಾಲಿನಿಂದ ಸುಮ್ಮನೆ ಒತ್ತಿದರಾಯಿತು. ಅವನ ಪ್ರಕಾರ ಇದು ಪ್ರೀತಿ. ಅಕ್ಕನಿಗೆ ಅದು ತನ್ನ ಕಾಲಿಗೆ ಕೊಡುವ ನಿವೃತ್ತಿ ಪತ್ರ. ಸೂಜಿ ಎಲ್ಲಿ ನಿಲ್ಲಬೇಕು, ಮೂಲೆ ತಿರುಗುವಾಗ ಎಷ್ಟು ನಿಧಾನ ಆಗಬೇಕು ಎಂದು ಅವಳ ತಲೆಗೆ ಗೊತ್ತಿರಲಿಲ್ಲ, ಹರಡಿಗೆ ಗೊತ್ತಿತ್ತು. ಕೊನೆಗೆ ಒಪ್ಪಂದವಾಯಿತು. ಡಾಕ್ಟರಮ್ಮ ಮತ್ತೆ ನೋಡುವ ಸೋಮವಾರದೊಳಗೆ ಊತ ಇಳಿದರೆ ಪೆಡಲು, ಇಳಿಯದಿದ್ದರೆ ಮೋಟಾರು. ಆ ದಿನವೇ ಮಧ್ಯಾಹ್ನ ಬರಲು ಮೋಟಾರಿನವನಿಗೂ ಹೇಳಿಯಾಯಿತು.

ಮೊದಲ ದಿನ ಅಕ್ಕನೇ ಟೇಪು ಸುತ್ತಿ ಹರಡಿನ ಅಳತೆ ತೆಗೆದುಕೊಂಡಳು. ಮರುದಿನದಿಂದ ಗಂಡ ಆ ಖಾತೆಯನ್ನು ಕಿತ್ತುಕೊಂಡ. ಈ ಅಂಗಡಿಯಲ್ಲಿ ಅಳತೆ ತನ್ನ ಕೆಲಸ, ಅದರಲ್ಲಿ ಬೇರೆಯವರು ಕೈ ಹಾಕುವುದು ಬೇಡ ಎಂದ. ದಿನಾ ಸಂಜೆ ಕಿವಿಗೆ ಪೆನ್ಸಿಲ್ ಸಿಕ್ಕಿಸಿ, ಹೆಂಡತಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಮಂತ್ರಿಯೊಬ್ಬ ಕಿರೀಟಕ್ಕೆ ಅಳತೆ ತೆಗೆಯುವ ಗಾಂಭೀರ್ಯದಲ್ಲಿ ಟೇಪು ಸುತ್ತುತ್ತಿದ್ದ. ದಿನಾ ಸಂಜೆ ಅಳತೆ ಮೊದಲ ದಿನಕ್ಕಿಂತ ಜಾಸ್ತಿಯೇ ಬರುತ್ತಿತ್ತು.

ಆಶ್ಚರ್ಯವೆಂದರೆ ಟೇಪು ಒಂದು ಹೇಳಿದರೆ ಕಾಲು ಇನ್ನೊಂದು ಹೇಳುತ್ತಿತ್ತು. ಒಂದು ಬೆಳಿಗ್ಗೆ ಹೆಬ್ಬೆರಳು ಅಲುಗಿತು. ಅಲುಗಿತು ಎಂದರೆ ನೊಣ ಕೂತರೆ ಹಾರಿಹೋಗದಷ್ಟು. ಆದರೂ ಮೂವರೂ ಮಂಚದ ಸುತ್ತ ನಿಂತು ಅದನ್ನು ನೋಡಿದರು. ಅತ್ತೆ ಕನ್ನಡಕ ಒರೆಸಿಕೊಂಡು ಬಂದು ಮತ್ತೊಮ್ಮೆ ತೋರಿಸು ಎಂದಳು. ಮಗ ಮೊದಲ ಹೆಜ್ಜೆ ಇಟ್ಟಾಗಲೂ ತಾನು ಇಷ್ಟು ಹೊತ್ತು ನೋಡಿರಲಿಲ್ಲವಂತೆ, ಆಗ ಒಲೆಯ ಮೇಲೆ ಏನೋ ಇತ್ತಂತೆ.

ಆಮೇಲೊಂದು ದಿನ ಊರುಗೋಲು ಹಿಡಿದು ಬಚ್ಚಲಿಗೆ ಹೋಗುವಾಗ ಹಿಮ್ಮಡಿ ನೆಲಕ್ಕೆ ತಾಗಿತು. ತಣ್ಣಗಿನ ನೆಲ. ಅಕ್ಕ ಅಲ್ಲೇ ನಿಂತುಬಿಟ್ಟಳು. ನೆಲ ಎಂಬುದು ಇಷ್ಟು ದೊಡ್ಡದು, ಇಷ್ಟು ನಂಬಿಕಸ್ಥ ಎಂದು ಅವಳಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಹೊರಗಿನಿಂದ ಗಂಡ ಬಿದ್ದೆಯೇನೇ ಎಂದು ಕೂಗಿದ. ಇಲ್ಲ, ನಿಂತಿದ್ದೇನೆ ಎಂದಳು. ನಿಂತು ಏನು ಮಾಡುತ್ತಿದ್ದೀಯ ಎಂದಾಗ ಹಿಮ್ಮಡಿಯನ್ನು ನೆಲಕ್ಕೆ ಇನ್ನೊಮ್ಮೆ ಒತ್ತಿ ನೋಡಿದಳು.

ಅಂದಿನಿಂದ ಅವಳು ಬೀದಿಯವರ ಕಾಲು ನೋಡುವುದಕ್ಕೆ ಶುರುಮಾಡಿದಳು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ನೂರಾರು ಹರಡುಗಳು ಹಾದುಹೋಗುತ್ತಿದ್ದವು. ಬಸ್ಸಿಗೆ ಓಡುವವರು, ಸೈಕಲ್ ತುಳಿಯುವವರು, ಜಗಳ ಕಾಯಲು ತುದಿಗಾಲಲ್ಲಿ ನಿಂತವರು. ಒಂದೊಂದು ಪಾದವೂ ಏಳುತ್ತಿತ್ತು, ಬಾಗುತ್ತಿತ್ತು, ಮೈಯ ಭಾರವನ್ನೆಲ್ಲ ಹೊತ್ತು ಇನ್ನೊಂದಕ್ಕೆ ದಾಟಿಸುತ್ತಿತ್ತು. ಮೇಲಿರುವ ಯಜಮಾನರು ಮಾತ್ರ ಈರುಳ್ಳಿಯ ಬೆಲೆ ಮಾತಾಡಿಕೊಂಡು ಹೋಗುತ್ತಿದ್ದರು. ಇಂಥ ಪವಾಡವನ್ನು ಚಪ್ಪಲಿಯಲ್ಲಿ ತುರುಕಿಕೊಂಡು ಓಡಾಡುವ ಜನಕ್ಕೆ ಏನನ್ನುವುದು! ಚಹಾದಂಗಡಿಯವನು ಅಕ್ಕನ ನೋಟ ಕಂಡು ತನ್ನ ಹೊಸ ಬೂಟಿಗೆ ದೃಷ್ಟಿಯಾಗುತ್ತದೆಂದು ಕಾಲು ಮುದುರಿಕೊಂಡ.

ಆದರೆ ಸಂಜೆಯ ಟೇಪಿಗೆ ಇದ್ಯಾವುದೂ ಲೆಕ್ಕಕ್ಕಿರಲಿಲ್ಲ. ಭಾನುವಾರ ಅಕ್ಕನ ಪಾದ ಹಳೇ ಚಪ್ಪಲಿಯ ಪಟ್ಟಿಯೊಳಗೆ ಸಲೀಸಾಗಿ ತೂರಿತು. ಅವಳು ಉಸಿರು ಬಿಗಿಹಿಡಿದು ಗಂಡನನ್ನು ಕರೆದಳು. ಅವನು ಟೇಪು ಸುತ್ತಿ ಓದಿದ. ಅದೇ ಅಳತೆ.

"ಚಪ್ಪಲಿ ಸಲೀಸಾಗಿ ಆಯ್ತಲ್ರೀ," ಎಂದಳು ಅಕ್ಕ.

"ಚಪ್ಪಲಿ ಚರ್ಮದ್ದು ಕಣೇ, ಸಡಿಲ ಆಗತ್ತೆ. ಟೇಪು ಸುಳ್ಳು ಹೇಳಲ್ಲ."

ಅಕ್ಕನ ಮುಖ ಬಾಡಿತು. ಕಾಲು ತನ್ನನ್ನು ಇಷ್ಟು ದಿನ ಪುಸಲಾಯಿಸಿತೇ? ಹೆಬ್ಬೆರಳು, ಹಿಮ್ಮಡಿ, ಚಪ್ಪಲಿ ಎಲ್ಲ ತನ್ನ ಆಸೆಗಣ್ಣಿನ ಆಟವೇ? ನಾಳೆ ಮೋಟಾರಿನವನು ಬರಲಿ ಬಿಡಿ ಎಂದು ಸಣ್ಣ ದನಿಯಲ್ಲಿ ಹೇಳಿದಳು. ಗೆದ್ದ ಗಂಡನಿಗೂ ಗೆದ್ದ ಸಂತೋಷವಿರಲಿಲ್ಲ. ಇನ್ನೊಮ್ಮೆ ನೋಡೋಣ ಎಂದು ಅವನು ಟೇಪನ್ನು ಮತ್ತೆ ಸುತ್ತುವ ಹೊತ್ತಿಗೆ ಅತ್ತೆ ಗುಂಡಿಯ ಡಬ್ಬಿ ಪಕ್ಕಕ್ಕಿಟ್ಟು ಬಗ್ಗಿ ನೋಡಿದಳು.

"ಅಲ್ವೋ, ಕಾಲು ಅಳೀತಿದ್ದೀಯೋ, ಕಾಲಿಗೆ ಪ್ಯಾಂಟು ಹೊಲೀತಿದ್ದೀಯೋ?"

"ಏನಮ್ಮಾ?"

"ಬೆರಳು ಯಾಕೋ ಒಳಗೆ?"

ಮೂವರೂ ನೋಡಿದರು. ಟೇಪಿಗೂ ಹರಡಿಗೂ ನಡುವೆ ಗಂಡನ ಎರಡು ಬೆರಳುಗಳು, ಸ್ವಂತ ಮನೆಯಲ್ಲಿ ಕಾಲು ಚಾಚಿದಂತೆ ಹಾಯಾಗಿ ಮಲಗಿದ್ದವು.

ಗಿರಾಕಿಯ ಮೈಗೆ ಬಟ್ಟೆ ಹಿಡಿಯಬಾರದೆಂದು ಟೇಪಿನ ಕೆಳಗೆ ಬೆರಳು ತೂರಿಸಿ ಅಳತೆ ತೆಗೆಯುವುದು ಅವನಿಗೆ ಅಪ್ಪ ಕಲಿಸಿದ ಮೊದಲ ಪಾಠ. ಅದು ಅಭ್ಯಾಸವಾಗಿ, ಅಭ್ಯಾಸ ಉಸಿರಾಟದಂತಾಗಿ, ಬೆರಳು ಒಳಗಿದೆ ಎಂಬುದೇ ಅವನಿಗೆ ಮರೆತಿತ್ತು. ಮೊದಮೊದಲು ಒಂದೇ ಬೆರಳಿತ್ತು. ದಿನ ಕಳೆದಂತೆ ಟೇಪು ಸಡಿಲವಾಗುತ್ತಾ ಬಂದಾಗ, ಹೆಂಡತಿಗೆ ನೋಯಬಾರದೆಂಬ ಕಾಳಜಿಯೂ ಸೇರಿ, ಪಕ್ಕದ ಬೆರಳೂ ಮೆಲ್ಲಗೆ ನುಸುಳಿತ್ತು. ಊತ ಬಿಟ್ಟುಕೊಟ್ಟ ಜಾಗಕ್ಕೆಲ್ಲ ಗಂಡನ ಬೆರಳು ಒಕ್ಕಲು ಬಂದಿತ್ತು.

"ನಿಮ್ಮಪ್ಪನೂ ಹೀಗೇ," ಎಂದಳು ಅತ್ತೆ. "ನನ್ನ ಕೈಗೆ ಬಳೆ ತರೋಕೆ ಅಳತೆ ತಗೊಂಡು ಹೋಗಿ, ತಂದದ್ದು ಮೊಣಕೈಗೆ ಆಗೋ ಅಂಥದ್ದು."

ಬೆರಳು ತೆಗೆದು ಅಳೆದರು. ಗಂಡ ಅಂಕಿ ಓದಲು ಬಾಯಿ ತೆರೆದವನು ಓದದೆ ಟೇಪನ್ನೇ ಹೆಂಡತಿಯ ಕಣ್ಣ ಮುಂದೆ ಹಿಡಿದ. ಅವಳು ನೋಡಿದಳು, ಆಮೇಲೆ ಕಾಲನ್ನು ನೋಡಿದಳು. ಯಾರೂ ನಂಬದಿದ್ದಾಗಲೂ, ದಿನಾ ಸಂಜೆ ಸುಳ್ಳುಗಾರ ಎನಿಸಿಕೊಂಡಾಗಲೂ, ಇದು ಒಳಗೊಳಗೇ ತನ್ನ ಮೂಳೆ ತಾನು ಕೂಡಿಸಿಕೊಂಡು, ತನ್ನ ನೀರು ತಾನು ಇಳಿಸಿಕೊಂಡು ಕೆಲಸ ಮಾಡುತ್ತಿತ್ತು! ಅವಳಿಗೆ ಅದರ ಮುಂದೆ ಸ್ವಲ್ಪ ನಾಚಿಕೆಯಾಯಿತು. ಗಂಡನನ್ನು ಬೈಯಬೇಕೆಂಬುದು ಕೂಡ ಆ ಕ್ಷಣಕ್ಕೆ ಮರೆತೇಹೋಯಿತು.

ಸೋಮವಾರ ಬೆಳಿಗ್ಗೆ ಡಾಕ್ಟರಮ್ಮ ಪಾದವನ್ನು ಮೇಲೆ ಕೆಳಗೆ ಆಡಿಸಿ, ಬೆರಳಿನ ಕಥೆ ಕೇಳಿ ಕುರ್ಚಿ ಹಿಡಿದುಕೊಂಡು ನಕ್ಕಳು. ಮೆಲ್ಲಗೆ ತುಳಿಯಿರಿ, ದಣಿವಾದ ಕೂಡಲೇ ನಿಲ್ಲಿಸಿ, ನಿಮಗೆ ಅದಕ್ಕಿಂತ ಒಳ್ಳೆಯ ವ್ಯಾಯಾಮವನ್ನು ನಾನೂ ಹೇಳಿಕೊಡಲಾರೆ ಎಂದಳು.

ಮಧ್ಯಾಹ್ನ ಅಕ್ಕ ಮಷೀನಿನ ಮುಂದೆ ಕೂತಳು. ಬಿಳಿ ದಿಂಬಿನ ಕವರೊಂದನ್ನು ಸೂಜಿಯ ಕೆಳಗಿಟ್ಟು ಬಲಗಾಲನ್ನು ಪೆಡಲಿನ ಮೇಲೆ ತಂದಳು. ತಣ್ಣನೆಯ ಕಬ್ಬಿಣ. ತುಳಿದಳು. ಚಕ್ರ ಹಿಂದಕ್ಕೆ ತಿರುಗಿ ದಾರ ಪಟ್ಟೆಂದು ಹರಿಯಿತು. ಹೊಲಿಗೆ ಕಲಿಯುವ ಹುಡುಗಿಯರು ಮೊದಲ ದಿನ ಮಾಡುವ ತಪ್ಪು. ಗಂಡ ಸಹಾಯಕ್ಕೆ ಕೈ ಚಾಚಿದವನು ತಾಯಿಯ ನೋಟ ನೋಡಿ ಕೈ ಜೇಬಿಗೆ ಹಾಕಿಕೊಂಡ.

ಅಕ್ಕ ಮತ್ತೆ ದಾರ ಪೋಣಿಸಿ, ಮೇಲಿನ ಚಕ್ರವನ್ನು ಕೈಯಿಂದ ತನ್ನ ಕಡೆಗೆ ತಿರುಗಿಸಿ, ಅದು ತಿರುಗಿದ ಬೆನ್ನಿಗೇ ಪಾದ ಒತ್ತಿದಳು. ಹಿಮ್ಮಡಿ ಇಳಿಯಿತು, ಬೆರಳು ಎದ್ದಿತು. ಬೆರಳು ಇಳಿಯಿತು, ಹಿಮ್ಮಡಿ ಎದ್ದಿತು. ಎಕ್ಸ್‌ಪ್ರೆಸ್ ಅಲ್ಲ, ಗೂಡ್ಸ್ ಗಾಡಿಯೂ ಅಲ್ಲ, ಹಳಿಯ ಮೇಲೆ ಯಾರೋ ತಳ್ಳಿಕೊಂಡು ಹೋಗುವ ಟ್ರಾಲಿ. ಆದರೂ ಬೆಲ್ಟು ಓಡಿತು, ಸೂಜಿ ಕುಣಿಯಿತು, ಬಿಳಿ ಬಟ್ಟೆಯ ಮೇಲೆ ಒಂದರ ಹಿಂದೊಂದು ಹೊಲಿಗೆ ಬೀಳುತ್ತಾ ಬಂತು.

ಅಷ್ಟರಲ್ಲಿ ಮೋಟಾರಿನವನು ಡಬ್ಬ ಹೆಗಲ ಮೇಲೆ ಹೊತ್ತು ಬಂದ. ಎಲ್ಲಿ ಕೂರಿಸಲಿ ಎಂದು ಕೇಳಿದ. ಅತ್ತೆಯ ಕೈಯಲ್ಲಿ ಸೂಜಿ ನಿಂತಿತ್ತು. ವಾಚಾಳಿ ಗಂಡ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಹೆಂಡತಿಯ ಹರಡು ಏರಿಳಿಯುವುದನ್ನು ಬಾಯಿ ತೆರೆದು ನೋಡುತ್ತಿದ್ದ. ಮೋಟಾರಿನವನು ಅವರ ನೋಟದ ಜಾಡು ಹಿಡಿದು ತಾನೂ ಬಗ್ಗಿ ನೋಡಿದ, ನೋಡುತ್ತಾ ಡಬ್ಬವನ್ನು ಕೆಳಗಿಳಿಸಿದ.

ಅಕ್ಕ ತಲೆಯೆತ್ತದೆ ಹೇಳಿದಳು. "ಕೂತ್ಕೋಪ್ಪಾ. ಕವರಿನ ಇನ್ನೊಂದು ಮಗ್ಗುಲು ಬಾಕಿ ಇದೆ."