ಖಾಲಿ ಬಾಟಲಿ

ಮುರುಗೆಪ್ಪನವರ ನೀರಿನ ಬಾಟಲಿ ಬೆಳಿಗ್ಗೆ ತುಂಬಿ ಹೋಗುತ್ತಿತ್ತು, ಸಂಜೆ ಖಾಲಿಯಾಗಿ ಬರುತ್ತಿತ್ತು. ಚೆನ್ನೈನ ತಾಂಬರಂ ಮನೆಯಲ್ಲಿ ಅದನ್ನು ತೊಳೆದಿಡುವಾಗ ಹೆಂಡತಿ ಸುವರ್ಣಮ್ಮನಿಗೆ ನೆಮ್ಮದಿ. "ಅಪ್ಪಾ, ತಣ್ಣಿ ಕುಡಿಚೀಂಗಳಾ?" ಎಂದು, ನೀರು ಕುಡಿದಿರಾ ಅಂತ, ಮಗಳು ಬಿಂದು ತಮಿಳಿನಲ್ಲಿ ಕೇಳಿದರೆ, "ಬಾಟಲಿ ನೋಡವಾ" ಅನ್ನುತ್ತಿದ್ದರು. ಆ ನೀರೆಲ್ಲ ಅವರು ಕೆಲಸ ಮಾಡುವ ಟವರಿನ ಬುಡದಲ್ಲಿದ್ದ ಕಣಗಿಲೆ ಗಿಡಕ್ಕೆ ಹೋಗುತ್ತಿತ್ತೆಂದು ಪಾಪ, ಇಬ್ಬರಿಗೂ ಗೊತ್ತಿರಲಿಲ್ಲ.

ಹಾವೇರಿ ಕಡೆಯ ಮುರುಗೆಪ್ಪ ಚೆನ್ನೈಗೆ ಬಂದು ತಲೆ ನರೆಸಿಕೊಂಡವರು. ಊರಾಚೆಯ ಖಾಸಗಿ ವಿಮಾನ ಮೈದಾನವೊಂದರಲ್ಲಿ ಕೆಲಸ. ಹಾರಲು ಕಲಿಯುವವರನ್ನೂ ದುಡ್ಡಿದ್ದವರ ಪುಟ್ಟ ವಿಮಾನಗಳನ್ನೂ ಒಂದಕ್ಕೊಂದು ತಾಗದಂತೆ ಏರಿಸಬೇಕು, ಇಳಿಸಬೇಕು. ಮೊದಲು ಟವರಿನ ಗಾಜಿನ ಕೋಣೆಯಲ್ಲಿ ಇಬ್ಬರಿರುತ್ತಿದ್ದರು. ಒಬ್ಬರು ಎದ್ದರೆ ಇನ್ನೊಬ್ಬರು ಹೆಡ್‌ಸೆಟ್ ಹಾಕಿಕೊಳ್ಳುವರು. ಹೊಸ ಮ್ಯಾನೇಜರ್ ತಿರುಮಲೇಶ ಬಂದವನೇ ಖರ್ಚು ಕಡಿಮೆ ಮಾಡಬೇಕೆಂದು ಎರಡನೆಯ ಕುರ್ಚಿ ಎತ್ತಿಸಿದ, ಎರಡು ಎ.ಸಿ.ಯಲ್ಲಿ ಒಂದನ್ನು ಬಂದ್ ಮಾಡಿಸಿದ. ಎದ್ದು ಹೋಗಬೇಕಾದಾಗ ಫೋನ್ ಮಾಡಿ, ಯಾರನ್ನಾದರೂ ಕಳಿಸುತ್ತೇನೆ ಎಂದ. ಆ ಯಾರಾದರೂ ಯಾರೆಂದು ಅವನಿಗೇ ಗೊತ್ತಿರಲಿಲ್ಲ. ಪುಣ್ಯಾತ್ಮ ಕೂರುತ್ತಿದ್ದದ್ದು ಕೆಳಗಡೆ ತಂಪು ಕೋಣೆಯಲ್ಲಿ, ಪಕ್ಕದಲ್ಲೇ ಬಾತ್‌ರೂಮು.

ಮೇಲೆ ವಿಮಾನವಿರುವಾಗ ಕುರ್ಚಿ ಬಿಡುವಂತಿಲ್ಲ. ಹಾಗಾಗಿ ಮುರುಗೆಪ್ಪ ನೀರನ್ನೇ ಬಿಟ್ಟರು. ಜಗಳ ಅವರ ಜಾಯಮಾನಕ್ಕೆ ಒಗ್ಗದು. ತಡೆದುಕೊಳ್ಳುವುದೇ ಹೆಚ್ಚುಗಾರಿಕೆ ಎಂದುಕೊಂಡುಬಿಟ್ಟರು. ಪೆರಂಬೂರಿನ ರೈಲ್ವೆ ಮನೆತನದ ವಂದನಾ ಹೊಸದಾಗಿ ಮುಂದಿನ ಪಾಳಿಯ ಡ್ಯೂಟಿಗೆ ಸೇರಿದಾಗ ಅವಳಿಗೂ ಅದೇ ಪಾಠ ಹೇಳಿದರು: "ಇಲ್ಲಿ ಬರೇ ತುಟಿ ಹಸಿ ಮಾಡ್ಕೋಬೇಕವಾ. ಕುಡದ್ರ ಕೆಟ್ಟಿ."

ಹೀಗೇ ಕೆಲವು ವರ್ಷ ಕಳೆದ ಮೇಲೆ, ಮೇ ತಿಂಗಳ ಒಂದು ಮಧ್ಯಾಹ್ನ ಅವರ ಪಕ್ಕೆಯಲ್ಲಿ ನೋವು ಎದ್ದಿತು. ಮೇಲೆ ವಿದ್ಯಾರ್ಥಿಯೊಬ್ಬ ಮೊದಲ ಸಲ ಒಂಟಿಯಾಗಿ ಹಾರುತ್ತಿದ್ದ. ಫೋನ್ ಮಾಡಿದರೆ ತಿರುಮಲೇಶ, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್" ಅಂದ. ಯಾರೂ ಬರಲಿಲ್ಲ. ತಮ್ಮ ದನಿ ನಡುಗಿದರೆ ಆ ಹುಡುಗನ ಕೈ ನಡುಗುತ್ತದೆಂದು ಮುರುಗೆಪ್ಪನಿಗೆ ಗೊತ್ತು. ಹಲ್ಲು ಕಚ್ಚಿ, ದಿನನಿತ್ಯದ ದನಿಯಲ್ಲೇ ಮಾತಾಡಿಸುತ್ತಾ ಅವನನ್ನು ನೆಲಕ್ಕೆ ಇಳಿಸಿದರು. ಆಮೇಲೆ ತಾವೇ ಕುರ್ಚಿಯಿಂದ ಜಾರಿದರು. ಮುಂದಿನ ಪಾಳಿಗೆ ಬಂದ ವಂದನಾ ಕಂಡು ಕೂಗಿಕೊಂಡಳು.

ಕಲ್ಲು ಕಟ್ಟಿ ಕಟ್ಟಿ ಒಂದು ಮೂತ್ರಪಿಂಡ ಕೆಟ್ಟೇ ಹೋಗಿದೆ, ಇನ್ನೊಂದೂ ಸೋತಿದೆ ಎಂದರು ಡಾಕ್ಟರು. ನೀರು ಕುಡಿಯುತ್ತಿರಲಿಲ್ಲವೇ ಎಂದು ಕೇಳಿದರು. "ಬಾಟಲಿ ಖಾಲಿ ಬರ್ತಿತ್ತಲ್ರೀ" ಎಂದು ಸುವರ್ಣಮ್ಮ ಗಂಡನ ಮುಖ ನೋಡಿದರು. ಮುರುಗೆಪ್ಪ ಗೋಡೆಯ ಕಡೆ ತಿರುಗಿ ಮಲಗಿದರು.

ವೈದ್ಯಕೀಯ ತಪಾಸಣೆಯಲ್ಲಿ ಫೇಲಾದ ಮೇಲೆ ಹೆಡ್‌ಸೆಟ್ ಮುಟ್ಟುವಂತಿಲ್ಲ. ಕೆಳಗಡೆ ಒಂದು ಮೇಜು ಕೊಟ್ಟರು, ಬಾತ್‌ರೂಮಿನ ಎದುರಿಗೇ. ಹೊಟ್ಟೆ ಉರಿಯದೆ ಇರುತ್ತದೆಯೇ? ಜನ್ಮದಲ್ಲಿ ಮೊದಲ ಸಲ ಜಗಳಕ್ಕೆಂದೇ ತಿರುಮಲೇಶನ ಬಾಗಿಲು ತಳ್ಳಿದರು.

"ಆ ಎರಡನೇ ಕುರ್ಚಿ ವಾಪಸ್ ಹಾಕಸ್ರಿ. ನನಗಲ್ಲ, ಆ ಹುಡುಗಿಗೆ."

"ವಂದನಾ ಏನೂ ಕಂಪ್ಲೇಂಟ್ ಮಾಡಿಲ್ವಲ್ಲ ಸಾರ್" ಎಂದ ತಿರುಮಲೇಶ, ಮರ್ಯಾದೆಯಿಂದಲೇ. "ಇಷ್ಟು ವರ್ಷದಲ್ಲಿ ನೀವೂ ಮಾಡಿರ್ಲಿಲ್ಲ."

ಮುರುಗೆಪ್ಪ ತಳ್ಳಿದ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೊರಬಂದರು.

ಅಂದು ಸಂಜೆ ಬಸ್ಸಿಗೆ ಹೊರಟಾಗ ಟವರಿನ ಬುಡದಲ್ಲಿ, ಈಗ ಅವರ ಹಗಲು ಪಾಳಿ ಮಾಡುತ್ತಿದ್ದ ವಂದನಾ ನಿಂತಿದ್ದಳು. ತುಟಿ ಒಡೆದಿತ್ತು. ಬಾಟಲಿಯ ಮುಚ್ಚಳ ತೆಗೆದು ಕಣಗಿಲೆಯ ಬುಡಕ್ಕೆ ನೀರು ಸುರಿಯುತ್ತಿದ್ದಳು.

"ನನ್ನ ನೋಡಿದ ಮ್ಯಾಲೂ ಹಿಂಗ ಮಾಡ್ತೀಯೇನವಾ?"

"ಕುಡಿದು ಎದ್ದು ಹೋದ್ರೆ ಅಲ್ಲಿ ಯಾರು ಕೂರ್ತಾರೆ ಸಾರ್?" ಎಂದಳು. "ತುಂಬಿದ ಬಾಟಲಿ ತಗೊಂಡು ಹೋದ್ರೆ ಅಮ್ಮ ಬೈತಾರೆ."

ಮುರುಗೆಪ್ಪ ತಮ್ಮ ಬಾಟಲಿ ಮುಂದೆ ಚಾಚಿದರು. "ಈಗ ಇದನ್ನಾರ ಕುಡಿಯವಾ, ನನ್ನ ಮುಂದ."

ಅವಳು ನಕ್ಕು, ಕುಡಿದರೆ ಪೆರಂಬೂರಿನ ತನಕ ಬಸ್ಸಿನ ದಾರಿಯಲ್ಲಿ ಬಾತ್‌ರೂಮಿಗೆ ಎಲ್ಲಿ ಇಳಿಯಲಿ ಸಾರ್ ಎಂದು ಬ್ಯಾಗು ಹೆಗಲಿಗೇರಿಸಿ ನಡೆದಳು. ಇಡೀ ಮೈದಾನ ಬಿಸಿಲಿಗೆ ಒಣಗಿ ಕೆಂಪಾಗಿತ್ತು. ಆ ಕಣಗಿಲೆಯೊಂದು ಮಾತ್ರ ಮೈತುಂಬ ಹೂ ಬಿಟ್ಟಿತ್ತು. ಅದನ್ನು ನೋಡಲಾರದೆ ಮುರುಗೆಪ್ಪ ತಲೆ ತಗ್ಗಿಸಿದರು.