ಮೊದಲು ಪೆನ್ಸಿಲ್, ಆಮೇಲೆ ಬಣ್ಣ

2018ರ ಜನವರಿಯಲ್ಲಿ ನಾನು ಸಾರಿಗೆ ಇಲಾಖೆಯ ಒಂದು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿಯಾಗಿದ್ದೆ. ಮನೆ ಜೇವರ್ಗಿಯಲ್ಲಿ. ಬೆಳಿಗ್ಗೆ ಎದ್ದು ರೊಟ್ಟಿ ಬಡಿದು ಎರಡು ಡಬ್ಬಿ ಕಟ್ಟುವುದು, ಒಂದನ್ನು ಯಜಮಾನರ ಕೈಗೆ ಕೊಟ್ಟು ಇನ್ನೊಂದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹಿಡಿಯುವುದು, ಸಂಜೆ ಬಂದು ಅಡುಗೆಗೆ ಇಳಿಯುವ ಮೊದಲು ಆ ದಿನದ ನಾಲ್ಕು ಸಾಲನ್ನು ನೋಟುಬುಕ್ಕಿನಲ್ಲಿ ಬರೆದಿಡುವುದು. ಇಪ್ಪತ್ತು ವರ್ಷದಿಂದ ಇದೇ ರೂಢಿ. ಈ ಪ್ರಕರಣವನ್ನು ಆ ನೋಟುಬುಕ್ಕು ನೋಡಿಯೇ ಬರೆಯುತ್ತಿದ್ದೇನೆ.

ನಮ್ಮ ಕೆಲಸದಲ್ಲಿ ಕ್ಯಾಂಪ್ ಎನ್ನುವುದೊಂದು ಇತ್ತು. ಹಳ್ಳಿಯವರು ಪ್ರತಿಯೊಂದಕ್ಕೂ ದೂರದ ಕಚೇರಿಗೆ ಬರುವುದು ತಪ್ಪಲೆಂದು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗೆ ತಿಂಗಳಿಗೊಂದು ದಿನ ನಾವೇ ಹೋಗುತ್ತಿದ್ದೆವು. ಮೋಟಾರು ವಾಹನ ನಿರೀಕ್ಷಕರು, ಕಾಗದ ನೋಡಲು ನಾನು, ಅಟೆಂಡರ್ ಖಾಜಾಮಿಯಾ. ಅನುಕೂಲ ನಿಜ. ಆದರೆ ಒಂದು ಸಣ್ಣ ಕಾಗದ ತಪ್ಪಿದರೂ ಬಂದವರು ಮತ್ತೆ ಒಂದು ತಿಂಗಳು ಕಾಯಬೇಕು.

ಆಳಂದದ ಕ್ಯಾಂಪ್ ಪ್ರವಾಸಿ ಮಂದಿರದ ಅಂಗಳದಲ್ಲಿ, ಬೇವಿನ ಮರದ ಕೆಳಗೆ. ತೊಗರಿ ರಾಶಿಯ ಕಾಲವಾದ್ದರಿಂದ ಟ್ರ್ಯಾಕ್ಟರಿನವರೇ ಹೆಚ್ಚು. ಅವರ ಗದ್ದಲ ಮುಗಿದು ನಾನು ಡಬ್ಬಿ ತೆಗೆಯಬೇಕು ಎನ್ನುವಾಗ ಒಬ್ಬರು ಬಂದು ಮೇಜಿನ ಮುಂದೆ ನೆಟ್ಟಗೆ ನಿಂತರು. ಅರವತ್ತರ ಹತ್ತಿರದ ವಯಸ್ಸು, ಇಸ್ತ್ರಿಯ ಅಂಗಿ, ಕೈಯಲ್ಲಿ ಹಸಿರು ಕ್ಯಾನ್ವಾಸಿನ ಚೀಲ.

“ನಮಸ್ಕಾರ್ರಿ ಮೇಡಮ್ಮೋರ. ನಾ ಭೀಮಶಾ, ಸರಸಂಬಾದಾಂವ. ಮಿಲಿಟ್ರಿಯೊಳಗ ಡ್ರೈವರ್ ಇದ್ದೆ, ಹವಾಲ್ದಾರ ಆಗಿ ರಿಟೈರ್ ಆಗೇನಿ.”

“ಕುಂಡ್ರಿ,” ಎಂದೆ. ಅವರು ಕೂಡಲಿಲ್ಲ.

“ಇವ್ರಿಗೆ ವಿಶ್ರಾಮ್ ಅನ್ಬೇಕ್ರಿ ಮೇಡಂ,” ಎಂದ ಖಾಜಾಮಿಯಾ. “ಕುಂಡ್ರಿ ಅಂದ್ರ ತಿಳ್ಯಾಂಗಿಲ್ಲ.”

ಭೀಮಶಾ ನಕ್ಕು ಕೂತರು. ಚೀಲದಿಂದ ಕಾಗದಗಳನ್ನು ಒಂದರ ಮೇಲೊಂದು ಅಂಚು ಹೊಂದಿಸಿ ಇಟ್ಟರು. ಸೇನೆಯಲ್ಲಿ ಬಳಸಿ ಹಳತಾದ ವಾಹನಗಳನ್ನು ಡಿಪೋಗಳಲ್ಲಿ ಹರಾಜು ಹಾಕುತ್ತಾರೆ. ಅಂಥ ಒಂದು ಹರಾಜಿನಲ್ಲಿ ಅವರು ಆಂಬುಲೆನ್ಸ್ ಕೊಂಡಿದ್ದರು. ಹನ್ನೊಂದು ವರ್ಷ ತಾವು ಓಡಿಸಿದ್ದು ಅದೇ ನಮೂನೆಯ ಗಾಡಿಯಂತೆ. ಲಾರಿಯ ಮೇಲೆ ಊರಿಗೆ ತಂದು ಅಂಗಳದಲ್ಲಿ ನಿಲ್ಲಿಸಿದ್ದರು. ಈಗ ಅದಕ್ಕೆ ರಸ್ತೆಗಿಳಿಯುವ ನಂಬರ್ ಬೇಕಿತ್ತು.

ಇಂಥ ವಾಹನದ ನೋಂದಣಿ ನಮ್ಮಲ್ಲಿ ಅಪರೂಪ. ಷೋರೂಮಿನಿಂದ ಬಂದ ಗಾಡಿಗೆ ಕಾಗದಗಳು ಗಾಡಿಗಿಂತ ಮೊದಲೇ ಬಂದಿರುತ್ತವೆ. ಇದಕ್ಕೆ ಡಿಪೋದವರು ನಮೂನೆ 21ರಲ್ಲಿ ಕೊಡುವ ಮೂಲ ಮಾರಾಟ ಪತ್ರ ಬೇಕು. ಅವರ ಬಳಿ ಇದ್ದದ್ದು ಗಾಡಿ ಒಯ್ಯಲು ಕೊಟ್ಟ ಆದೇಶ ಮಾತ್ರ. ಸೇನೆಯ ನಂಬರು ಮೇಲ್ಮುಖ ಬಾಣದ ಗುರುತಿನಿಂದ ಆರಂಭವಾಗುತ್ತದೆ. ನಮ್ಮ ಕಂಪ್ಯೂಟರಿನಲ್ಲಿ ಬಾಣ ಬರೆಯುವ ಕೀಲಿ ಇಲ್ಲ, ಆದ್ದರಿಂದ ಮೇಲಿನ ಕಚೇರಿಗೆ ಪತ್ರ ಬರೆದು ಕೇಳಬೇಕು. ಇದಲ್ಲದೆ ಬಣ್ಣ. ಆಲಿವ್ ಗ್ರೀನ್ ಎಂಬ ಆ ಹಸಿರು ರಕ್ಷಣಾ ಪಡೆಗಳಿಗೆ ಮಾತ್ರ ಮೀಸಲು. ಖಾಸಗಿ ವಾಹನಕ್ಕೆ ಅದು ಇರುವಂತಿಲ್ಲ.

“ಈ ತ್ರಾಸ್ ಯಾಕ್ ತಗೊಂಡ್ರಿ? ಯಾವ್ದಾರ ಹಳೇ ವ್ಯಾನ್ ತಗೋಬಹುದಿತ್ತಲ್ಲ,” ಎಂದೆ.

ಅವರು ಕಾಗದಗಳ ಅಂಚನ್ನು ಮತ್ತೊಮ್ಮೆ ಹೊಂದಿಸಿದರು.

“ನಮ್ಮ ಮನಿಯಾಕಿ ಮಾಳಿಗಿ ಮ್ಯಾಲಿಂದ ಬಿದ್ದು ಬೆನ್ನೆಲುಬು ಮುರಕೊಂಡಾಳ್ರಿ. ಎರಡ ವರ್ಷಾತು, ಕುಂಡ್ರಾಕ ಬರಾಂಗಿಲ್ಲ. ಆಕಿ ಅಕ್ಕ ಗೊಬ್ಬೂರದಾಗ ಇದ್ದಾಳ, ಆಕಿಗೂ ಲಕ್ವಾ ಹೊಡದು ಮಾತು ಹೋಗ್ಯಾವ. ಫೋನ್ ಹಚ್ಚಿ ಕೊಟ್ರ ಈಕಿ ಮಾತಾಡ್ತಾಳ, ಆಕಿ ಅಳ್ತಾಳ. ಹಾಂಗಾಗಿ ಫೋನ್ ಬಿಟ್ಟೇವಿ. ಒಮ್ಮಿ ಬಾಡಿಗಿ ಗಾಡಿ ತಂದಿದ್ದೆರಿ. ಕುಣಿಸಿ ಕುಣಿಸಿ, ಆಕಿ ಚೀರೂದು ಕೇಳಲಾರದ ಅರ್ಧ ದಾರಿಯಿಂದ ತಿರುಗಿ ಬಂದೇವಿ. ಈ ಗಾಡಿಯೊಳಗ ಸ್ಟ್ರೆಚರ್ ಸ್ಪ್ರಿಂಗ್ ಮ್ಯಾಲ ಕುಂತಿರ್ತದ್ರಿ. ಬೆಟ್ಟದ ರಸ್ತಿಯೊಳಗ ಗಾಯಾಳುಗಳ್ನ ಇಳಿಸೇನಿ. ಆಕಿನ್ನ ಗೊಬ್ಬೂರ ಮುಟ್ಟಿಸ್ತೇನಿ.”

ಸರಸಂಬಾದಲ್ಲಿ ಒಬ್ಬಳು, ಗೊಬ್ಬೂರದಲ್ಲಿ ಒಬ್ಬಳು. ನಡುವೆ ಒಂದು ನಂಬರ್ ಪ್ಲೇಟು.

ನಾನು ಹಳೆಯ ಅರ್ಜಿಯ ಹಿಂಬದಿಯಲ್ಲಿ ಪಟ್ಟಿ ಬರೆದುಕೊಟ್ಟೆ. ಒಂದು, ಬಣ್ಣ ಬದಲಾಯಿಸುವುದು. ಎರಡು, ಡಿಪೋದಿಂದ ಮಾರಾಟ ಪತ್ರ. ಮೂರು, ವಿಮೆ. ನಾಲ್ಕು, ವಾಹನ ತಪಾಸಣೆ ಮತ್ತು ಚಾಸಿ ಸಂಖ್ಯೆಯ ಪೆನ್ಸಿಲ್ ಅಚ್ಚು. ಬಣ್ಣವನ್ನು ಮೊದಲು ಬರೆದದ್ದಕ್ಕೆ ಕಾರಣವೇನೂ ಇರಲಿಲ್ಲ. ಅದು ಅವರ ಕೈಯಲ್ಲೇ ಇದ್ದ ಕೆಲಸ, ಬರೆಯುವಾಗ ಅದೇ ಮೊದಲು ನೆನಪಾಯಿತು.

ಅವರು ಪಟ್ಟಿಯನ್ನು ಮಡಿಸಿ ಎದೆಯ ಕಿಸೆಯಲ್ಲಿಟ್ಟುಕೊಂಡು ಹೋದರು. ಫೆಬ್ರವರಿಯಲ್ಲಿ ಬರಲಿಲ್ಲ, ಡಿಪೋದ ಪತ್ರ ಬಂದಿರಲಿಲ್ಲವಂತೆ. ಮಾರ್ಚಿನ ಕ್ಯಾಂಪಿಗೆ ಬಂದರು. ನಂಬರ್ ಇಲ್ಲದ ಗಾಡಿ ಓಡಿಸುವುದಿಲ್ಲವೆಂದು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದಿದ್ದರು.

“ಅರೆ, ನಸುಕಿನ್ಯಾಗ ಹೊಡ್ಕೊಂಡು ಬಂದ್ರ ಯಾರ್ ನೋಡ್ತಿದ್ರು ಹವಾಲ್ದಾರ್ ಸಾಬ್?” ಎಂದ ಖಾಜಾಮಿಯಾ.

“ನಾ ನೋಡ್ತಿದ್ನಲ್ಲೋ ತಮ್ಮಾ.”

ಗಾಡಿ ಹಾಲಿನಂತೆ ಬೆಳ್ಳಗಿತ್ತು. ಬಾಗಿಲಿನ ಹಿಡಿ, ಚಕ್ರದ ನಟ್ಟು, ಅಡಿಭಾಗದ ಕಬ್ಬಿಣ, ಎಲ್ಲೂ ಹಸಿರಿನ ಗುರುತಿಲ್ಲ. ನಿರೀಕ್ಷಕರು ಸುತ್ತು ಹಾಕಿ, “ಇಷ್ಟ್ ಚೊಕ್ಕ ಹೊಸಾ ಗಾಡೀನೂ ಇರಾಂಗಿಲ್ಲ ನೋಡ್ರಿ,” ಎಂದರು. ಭೀಮಶಾ ಸೆಟೆದು ನಿಂತಿದ್ದರು.

ಪೆನ್ಸಿಲ್ ಅಚ್ಚು ಎಂದರೇನೆಂದು ಇಲ್ಲಿ ಹೇಳಬೇಕು. ಚಾಸಿ ಎಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು. ಕಾರ್ಖಾನೆಯಲ್ಲೇ ಅದರ ಮೇಲೆ ಒಂದು ಸಂಖ್ಯೆ ಕೊರೆದಿರುತ್ತಾರೆ. ಅದರ ಮೇಲೆ ತೆಳು ಕಾಗದ ಹಿಡಿದು ಪೆನ್ಸಿಲ್ ಉಜ್ಜಿದರೆ ಸಂಖ್ಯೆ ಕಾಗದದ ಮೇಲೆ ಮೂಡುತ್ತದೆ. ಆ ಕಾಗದದ ಚೂರು ಕಡತಕ್ಕೆ ಅಂಟಿದರೆ ಮಾತ್ರ ಗಾಡಿ ಇಂಥದೇ ಎಂದು ನಂಬುತ್ತೇವೆ. ಬಾನೆಟ್ಟಿನ ಒಳಗಿನ ತಗಡಿನಲ್ಲೂ ಸಂಖ್ಯೆ ಇರುತ್ತದೆ, ಆದರೆ ತಗಡನ್ನು ಕಿತ್ತು ಇನ್ನೊಂದಕ್ಕೆ ಬಡಿಯಬಹುದು.

ಖಾಜಾಮಿಯಾ ಗೋಣಿ ಹಾಸಿ ಗಾಡಿಯ ಕೆಳಗೆ ಹೋದ. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕಾಗದದ ಮೇಲೆ ಮೊದಲ ಕೆಲವು ಅಕ್ಷರಗಳಿದ್ದವು. ಮುಂದೆ ಬರೀ ಕಪ್ಪು.

“ಕಡೀ ನಾಕು ಅಂಕಿ ಇಲ್ರಿ ಮೇಡಂ. ಸಪಾಟ ಅದ.”

ಸೇನೆಯಲ್ಲಿ ತಪಾಸಣೆಗೆ ಮೊದಲು ಗಾಡಿಗೆ ಬಣ್ಣ ಹಚ್ಚುವ ಕ್ರಮವೊಂದಿದೆಯಂತೆ. ತುಕ್ಕಿನ ಮೇಲೆ ಬಣ್ಣ ಬಳಿದರೆ ಅದು ಮೋಸ. ಲೋಹ ಕಾಣುವ ತನಕ ಉಜ್ಜಬೇಕು. ಭೀಮಶಾ ಇಪ್ಪತ್ತು ದಿನ ಕೂತು ಗ್ರೈಂಡರ್ ಹಿಡಿದು ಹಾಗೆಯೇ ಉಜ್ಜಿದ್ದರು. ತುಕ್ಕು ತಿಂದು ಮೊದಲೇ ತೆಳುವಾಗಿದ್ದ ಅಂಕಿಗಳು ತುಕ್ಕಿನ ಜೊತೆಗೇ ಹೋಗಿದ್ದವು. ಬೇರೆ ಯಾರಾದರೂ ಆಗಿದ್ದರೆ ಹಸಿರಿನ ಮೇಲೇ ಒಂದು ಕೈ ಬಿಳಿ ಎಳೆದು ತಂದಿರುತ್ತಿದ್ದರು, ಆ ದಿನವೇ ಕೆಲಸ ಮುಗಿಯುತ್ತಿತ್ತು.

ಅವರು ಕಿಸೆಯಿಂದ ನನ್ನ ಪಟ್ಟಿ ತೆಗೆದರು. ಮೊದಲ ಮೂರು ಸಾಲಿನ ಮುಂದೆಯೂ ಗುರುತು ಹಾಕಿಕೊಂಡಿದ್ದರು. “ಬರೋಬ್ಬರಿ ಲೈನ್ ಪ್ರಕಾರ ಮಾಡೇನಲ್ರಿ,” ಎಂದರು. ನನ್ನದೇ ಅಕ್ಷರ. ಬಣ್ಣ ಒಂದು, ಅಚ್ಚು ನಾಲ್ಕು.

ಅಳಿಸಿದ ಸಂಖ್ಯೆಯ ವಾಹನ ಎಂದರೆ ಇಲಾಖೆಗೆ ಮೊದಲು ಬರುವ ಅನುಮಾನ ಕಳವಿನದು. ಡಿಪೋ ಸಂಖ್ಯೆಯನ್ನು ದೃಢಪಡಿಸಬೇಕು, ಕಳವಾದ ಗಾಡಿಯಲ್ಲ ಎಂದು ಪೊಲೀಸರು ಬರೆದುಕೊಡಬೇಕು, ಮೇಲಧಿಕಾರಿಗಳು ಒಪ್ಪಬೇಕು, ಆಮೇಲೆ ನಿರೀಕ್ಷಕರ ಎದುರಿನಲ್ಲಿ ಸಂಖ್ಯೆಯನ್ನು ಮತ್ತೆ ಕೊರೆಯಬೇಕು. ಆ ಪ್ರಸ್ತಾವ ಬರೆದವಳು ನಾನೇ. ಅದರಲ್ಲಿ ‘ಸಂಖ್ಯೆ ಅಳಿಸಿದ ಕಾರಣ’ ಎಂಬ ಖಾನೆ ಬರುತ್ತದೆ. ನಮ್ಮಲ್ಲಿ ಅಲ್ಲಿ ಬರೆಯುವ ರೂಢಿಯ ಮಾತು ಒಂದೇ. ‘ಮಾಲೀಕರ ನಿರ್ಲಕ್ಷ್ಯದಿಂದ’ ಎಂದು ಬರೆದು ಸಹಿಗೆ ಕಾಗದವನ್ನು ಅವರತ್ತ ತಿರುಗಿಸಿದೆ. ಭೀಮಶಾ ಕನ್ನಡಕ ಹಾಕಿಕೊಂಡು ಆ ಸಾಲನ್ನು ಓದಿದರು. ಇನ್ನೊಮ್ಮೆ ಓದಿದರು. ಸಹಿ ಮಾಡಿದರು. ಆ ಸಂಜೆ ನೋಟುಬುಕ್ಕಿನಲ್ಲಿ ನಾನು ಬರೆದದ್ದು ‘ಆಳಂದ ಕ್ಯಾಂಪ್, ಬಿಸಿಲು ಬಹಳ’ ಎಂದಷ್ಟೇ.

ಜೂನಿನಲ್ಲಿ ಸ್ಥಳ ಪರಿಶೀಲನೆಗೆ ಸರಸಂಬಾಕ್ಕೆ ಹೋದೆವು. ಗಾಡಿ ಅಂಗಳದ ಬೇವಿನ ನೆರಳಲ್ಲಿ ನಿಂತಿತ್ತು, ಹಿಂದಿನ ಬಾಗಿಲು ತೆರೆದಿತ್ತು. ಒಳಗೆ ಸ್ಟ್ರೆಚರಿನ ಮೇಲೆ ಅವರ ಹೆಂಡತಿ ಶಾಂತಾಬಾಯಿ ಮಲಗಿದ್ದರು. ದಿನಾ ಮಧ್ಯಾಹ್ನ ಅವರನ್ನು ಎತ್ತಿಕೊಂಡು ಬಂದು ಅಲ್ಲಿ ಮಲಗಿಸುತ್ತಾರಂತೆ, ರೂಢಿಯಾಗಲಿ ಎಂದು.

“ಬರ್ರಿ ಬಾಯಿ, ಹತ್ರಿ ಒಳಗ. ಗಾಡಿ ಎಲ್ಲಿಗೂ ಹೋಗಾಂಗಿಲ್ಲ, ಹೆದರಬ್ಯಾಡ್ರಿ,” ಎಂದರು. ಸೊರಗಿದ ಮೈ, ಗಟ್ಟಿ ದನಿ. “ಈ ಮನಶ್ಯಾ ಹನ್ನೊಂದ ವರ್ಷ ಯಾರ್ಯಾರ್ನೋ ಹೊತ್ಕೊಂಡು ತಿರಗ್ಯಾನ್ರಿ. ನನ್ನ ಸರ್ತಿ ಬಂದಾಗ ಗಾಡಿ ಅಂಗಳ ದಾಟವಲ್ದು.”

“ಸುಮ್ನ ಮಲಕೋಬೇ, ಸಾಹೇಬ್ರು ಬಂದಾರ,” ಎಂದರು ಭೀಮಶಾ.

“ಮಲಕೊಂಡೇ ಇದ್ದೇನಲ್ಲ, ಇನ್ನೆಷ್ಟ್ ಮಲಕೊಳ್ಳಿ?”

ಅವರ ತಲೆಯ ಬಳಿ, ಕಬ್ಬಿಣದ ಬಳೆಯೊಂದರಲ್ಲಿ ನೀರು ತುಂಬಿದ ಸ್ಟೀಲ್ ಲೋಟ ಕೂತಿತ್ತು. ಕುಡಿಯಲಿಕ್ಕೋ ಎಂದು ಕೇಳಿದೆ. “ಅಲ್ರಿ,” ಎಂದರು ಭೀಮಶಾ. “ಅದು ಡ್ರೈವರನ ಸಲುವಾಗಿ. ನೀರು ಚೆಲ್ಲಿತು ಅಂದ್ರ ಡ್ರೈವರ್ ತಪ್ಪು ಮಾಡ್ಯಾನ ಅಂತ. ಒಳಗಿನವ್ರು ಚೀರಿದ ಮ್ಯಾಲ ತಿಳ್ಕೊಳ್ಳೂದಲ್ರಿ ಅದು. ನೀರು ಮೊದಲ ಹೇಳ್ತದ.”

ಹೊರಡುವಾಗ ಶಾಂತಾಬಾಯಿ ನನ್ನ ಕೈ ಹಿಡಿದುಕೊಂಡರು. “ಪಂಚಮಿಗೆ ಆಗ್ತದೇನ್ರಿ ಬಾಯಿ? ಪಂಚಮಿಗೆ ಎಲ್ಲಾರೂ ತವರಿಗೆ ಹೋಗ್ತಾರ. ನನಗ ಈಗ ತವರಂದ್ರ ನಮ್ಮಕ್ಕ ಒಬ್ಬಾಕೀನ.”

“ಆಗ್ತದ್ರಿ,” ಎಂದೆ. ಹಾಗೆ ಹೇಳುವ ಅಧಿಕಾರ ನನಗಿರಲಿಲ್ಲ. ಕಡತ ಆಗ ಯಾವ ಮೇಜಿನ ಮೇಲಿದೆ ಎಂಬುದೂ ನನಗೆ ಗೊತ್ತಿರಲಿಲ್ಲ.

ಜುಲೈ ತುಂಬ ವಾರಕ್ಕೆರಡು ಬಾರಿ ಫೋನ್ ಮಾಡಿ ಕಡತದ ಬೆನ್ನು ಹತ್ತಿದೆ. ಡಿಪೋದ ಉತ್ತರ ಬಂತು, ಪೊಲೀಸರ ಪತ್ರ ಬಂತು, ಒಂದು ಸಹಿ ಬಾಕಿ ಉಳಿಯಿತು. ಪಂಚಮಿಗೆ ಎಂಟು ದಿನ ಇರುವಾಗ ಭೀಮಶಾ ಫೋನ್ ಮಾಡಿದರು. ನಾನು ಎತ್ತಿದ ಕೂಡಲೇ, “ಇನ್ನೊಂದೇ ಸಹಿ ಅದರಿ,” ಎಂದೆ.

“ಆಕಿ ಹೋದಳ್ರಿ ಮೇಡಮ್ಮೋರ,” ಎಂದರು. “ಮುಂಜಾನಿ. ನಿಮಗ ತಿಳಿಸ್ಬೇಕು ಅನಸ್ತು.”

ಆ ಒಂದು ಸಹಿ ಆಗಸ್ಟಿನ ಕೊನೆಯ ವಾರ ಬಂತು. ಇನ್ನು ಅವರು ಬರಲಾರರು ಎಂದುಕೊಂಡಿದ್ದೆ. ಸೆಪ್ಟೆಂಬರಿನ ಆಳಂದ ಕ್ಯಾಂಪಿಗೆ ಗಾಡಿ ಟ್ರ್ಯಾಕ್ಟರಿನ ಹಿಂದೆ ಬಂದು ನಿಂತಿತು. ಅದೇ ಇಸ್ತ್ರಿಯ ಅಂಗಿ. ನಿರೀಕ್ಷಕರ ಎದುರು ಸಂಖ್ಯೆ ಕೊರೆಸಿದ್ದಾಯಿತು. ಖಾಜಾಮಿಯಾ ಕೆಳಗೆ ಹೋಗಿ ಬಂದು, ಯಾವ ತಮಾಷೆಯನ್ನೂ ಮಾಡದೆ, ಕಾಗದದ ಚೂರನ್ನು ನನ್ನ ಮುಂದಿಟ್ಟ. ಪೂರ್ತಿ ಸಂಖ್ಯೆ, ಕಡೆಯ ನಾಲ್ಕು ಅಂಕಿ ಉಳಿದವಕ್ಕಿಂತ ದಟ್ಟ.

“ಇನ್ನ ಇದರಿಂದ ಏನ್ ಮಾಡ್ತೀರಿ?” ಎಂದು ಕೇಳಿಬಿಟ್ಟೆ.

“ಅಕ್ಕ ಇದ್ದಾಳಲ್ರಿ,” ಎಂದರು.

ಅಕ್ಟೋಬರಿನಲ್ಲಿ ಅಫಜಲಪುರದ ಕ್ಯಾಂಪಿನಲ್ಲಿದ್ದಾಗ ಬಿಳಿ ಗಾಡಿ ಬಂದು ಗೇಟಿನ ಹೊರಗೆ ನಿಂತಿತು. ಮುಂದೆ ಹೊಸ ನಂಬರ್ ಪ್ಲೇಟು. ಹಿಂದಿನ ಬಾಗಿಲು ತೆರೆದು ತೋರಿಸಿದರು. ಸ್ಟ್ರೆಚರಿನ ಮೇಲೆ ಅಕ್ಕ ಗುಂಡಮ್ಮ. ಸರಸಂಬಾದಲ್ಲಿ ಮೂರು ದಿನ ಇಟ್ಟುಕೊಂಡು ಈಗ ಗೊಬ್ಬೂರಕ್ಕೆ ಬಿಡಲು ಹೊರಟಿದ್ದರು.

“ತಂಗೀನ್ನ ಮಣ್ಣು ಮಾಡಿದ ಜಾಗಕ್ಕ ಒಯ್ದಿದ್ದೆರಿ. ಮಣ್ಣಿನ ಮ್ಯಾಲ ಕೈ ಇಟ್ಟಳು. ಎರಡ ತಾಸು ತೆಗೀಲಿಲ್ಲ.”

ಗುಂಡಮ್ಮ ನನ್ನನ್ನು ನೋಡಿದರು. ಬಾಯಿ ಒಂದಿಷ್ಟು ಅಲುಗಿತು, ಮಾತು ಬರಲಿಲ್ಲ. ನಾನು ಯಾರೆಂದು ಅವರಿಗೆ ಗೊತ್ತಿರಲಿಕ್ಕಿಲ್ಲ. ತಲೆಯ ಬಳಿ ಲೋಟ, ಲೋಟದ ಅಂಚಿನವರೆಗೂ ನೀರು.

ಕ್ಯಾಂಪಿನ ಅಂಗಳಕ್ಕೆ ಹಿಂತಿರುಗುವ ಮೊದಲು ಹೇಳಿದೆ. “ಭೀಮಶಾ ಅವ್ರ, ಆ ಪಟ್ಟಿ ನಾ ತಪ್ಪು ಬರದಿದ್ದೆ. ಅಚ್ಚು ಮೊದಲ ಬರೀಬೇಕಿತ್ತು. ನಿಮ್ಮ ನಿರ್ಲಕ್ಷ್ಯ ಅಂತ ಬರದದ್ದೂ ನಾನ.”

“ಗೊತ್ತದರಿ,” ಎಂದರು ಅವರು. “ಅವತ್ತ ಓದಿದಾಗ್ಲೇ ಗೊತ್ತಾತು. ನಿಮ್ಮ ತಪ್ಪು ಅಂತ ಬರಸಾಕ ಹೋದ್ರ ಕಡತ ಇನ್ನೂ ಕುಂಡ್ರತಿತ್ತಲ್ರಿ. ನನಗ ಜಲ್ದಿ ಇತ್ತು.”

ಅಷ್ಟು ಹೇಳಿ ನಮಸ್ಕಾರ ಮಾಡಿ ಹೋದರು. ಗೊಬ್ಬೂರದ ದಾರಿಯಲ್ಲಿ ಗಾಡಿ ಬಹಳ ಹೊತ್ತು ಕಾಣುತ್ತಿತ್ತು, ಅಷ್ಟು ನಿಧಾನ ಓಡಿಸುತ್ತಿದ್ದರು.

ಇವತ್ತಿಗೂ ಯಾರಾದರೂ ಹಳೆಯ ಗಾಡಿಯ ಕಾಗದ ಹಿಡಿದು ಬಂದರೆ ಪಟ್ಟಿ ಬರೆದುಕೊಡುತ್ತೇನೆ. ಏನೇನು ಬೇಕು ಎಂದು ಹೇಳುವುದು ಅರ್ಧ ಕೆಲಸ, ಯಾವುದು ಮೊದಲು ಎಂದು ಹೇಳುವುದು ಇನ್ನರ್ಧ. ಇದನ್ನು ಯಾವ ತರಬೇತಿಯಲ್ಲೂ ನನಗೆ ಕಲಿಸಿರಲಿಲ್ಲ. ಮೊದಲು ಪೆನ್ಸಿಲ್, ಆಮೇಲೆ ಬಣ್ಣ ಎಂದು ಎರಡು ಸಲ ಬಾಯಲ್ಲೂ ಹೇಳುತ್ತೇನೆ. ಮೇಡಂಗೆ ವಯಸ್ಸಾಯಿತು ಎಂದು ಖಾಜಾಮಿಯಾ ಈಗ ಧಾರಾಳವಾಗಿ ನಗುತ್ತಾನೆ.

ಆ ಕಡತ ದಾಖಲೆ ಕೋಣೆಯ ಕಪಾಟಿನಲ್ಲಿದೆ. ‘ಮಾಲೀಕರ ನಿರ್ಲಕ್ಷ್ಯದಿಂದ’ ಎಂಬ ಸಾಲೂ ಅದರಲ್ಲಿದೆ, ಕೆಳಗೆ ಅವರ ಸಹಿ. ಮುಗಿದ ಕಡತದ ಒಂದು ಸಾಲನ್ನು ತಿದ್ದಲು ನಮ್ಮಲ್ಲಿ ಯಾವ ನಮೂನೆಯೂ ಇಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.