ಹಾಳೆ ತಿರುಗಿಸಿದ ಭಾನುವಾರ

ಭಾನುವಾರದಿಂದ ನನಗೆ ಸ್ವಲ್ಪ ಜಂಬ ಬಂದಿದೆ. ಮಲ್ಲೇಶ್ವರದ ನಮ್ಮ ಬೀದಿಯಲ್ಲಿ ತರಕಾರಿಯವನಿಂದ ಇಸ್ತ್ರಿಯವನವರೆಗೆ ಎಲ್ಲರಿಗೂ ಹೇಳಿ ಮುಗಿಸಿದ್ದೇನೆ. ಉಳಿದವರು ನೀವೇ.

ಮೊಮ್ಮಗಳು ಸಹನಾ ಪಿಯಾನೋ ನುಡಿಸುತ್ತಾಳೆ. ಅವಳ ಗೆಳತಿ ರೂಪಾಳದು ವಯೋಲಾ. ನೋಡಲು ಪಿಟೀಲೇ, ಮೈ ಸ್ವಲ್ಪ ದೊಡ್ಡದು, ದನಿ ನೆಗಡಿಯಾದ ದೊಡ್ಡಮ್ಮನದು. ಜೊತೆಗೆ ಇವರ ಗೆಳೆಯ ವಿನಯನ ಕ್ಲಾರಿನೆಟ್. ನಾನು ಕ್ಲಾರಿನೆಟ್ ಕಂಡದ್ದು ಮದುವೆಯ ಬ್ಯಾಂಡಿನಲ್ಲಿ, ಬೀದಿಗೆಲ್ಲ ಕೇಳುವಂತೆ. ಇವನು ಊದಿದರೆ ತೊಟ್ಟಿಲ ಮಗುವೂ ಏಳುವುದಿಲ್ಲ. ಎರಡು ತಿಂಗಳು ನಮ್ಮ ಹಾಲಿನಲ್ಲೇ ಅಭ್ಯಾಸ. ನಾನು ಅವರೆಕಾಯಿ ಬಿಡಿಸುತ್ತಾ ಕೇಳುತ್ತಿದ್ದೆ. ಒಬ್ಬರ ವಾದ್ಯದ ಮಾತು ಮುಗಿಯುವವರೆಗೆ ಇನ್ನೊಬ್ಬರು ಕಾಯುತ್ತಾರೆ. ನಮ್ಮ ಮನೆಯಲ್ಲಿ ಇಂಥದ್ದು ನಡೆದದ್ದು ಅದೇ ಮೊದಲು.

ಭಾನುವಾರ ವೈಯಾಲಿಕಾವಲಿನ ಒಂದು ಸಭಾಂಗಣದಲ್ಲಿ ಅವರ ಮೊದಲ ಕಛೇರಿ. ಪಿಯಾನೋ ನುಡಿಸುವವರ ಎರಡು ಕೈಗೂ ಬಿಡುವಿರುವುದಿಲ್ಲ. ಸ್ವರ ಬರೆದ ಪುಸ್ತಕದ ಹಾಳೆ ತಿರುಗಿಸಲು ಪಕ್ಕದಲ್ಲಿ ಒಬ್ಬರು ಕೂರಬೇಕು. ಆ ಕೆಲಸಕ್ಕೆ ಬರಬೇಕಾದವಳು ಗಾಂಧಿನಗರದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಳು. ಹಾಳೆ ತಪ್ಪಿದರೆ ಮೂವರೂ ನಿಲ್ಲಬೇಕು. ಸಹನಾಳ ಮುಖ ಸಣ್ಣಗಾಯಿತು.

"ಅಜ್ಜಿ, ನೀನೇ ಬಾ."

"ಅಯ್ಯೋ, ಆ ಬಾಲ ಇರೋ ಚುಕ್ಕಿಗಳೆಲ್ಲ ನಂಗೇನೇ ಗೊತ್ತು? ನಾನ್ ಓದಿರೋದು ನಾಲ್ಕನೇ ಕ್ಲಾಸು!"

"ಓದೋದ್ ಬೇಡ. ನಾನು ತಲೆ ಆಡಿಸಿದ್ ತಕ್ಷಣ ತಿರುಗಿಸ್ಬಿಡು. ಎಂಜಲು ಮಾತ್ರ ಹಚ್ಬೇಡ!"

ಪಂಚಾಂಗವನ್ನೂ ಬೆರಳು ಒದ್ದೆ ಮಾಡಿಯೇ ತಿರುಗಿಸುವವಳು ನಾನು. ಆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಕೂತೆ. ಮೊದಲ ಹಾಳೆಗೆ ಅವಳ ತಲೆಯನ್ನೇ ನೋಡಿದೆ. ಆಮೇಲೆ ಒಂದು ಕಡೆ ವಯೋಲಾ ಒಂಟಿಯಾಗಿ ಗೊಣಗಿತು, ಕ್ಲಾರಿನೆಟ್ ಮೆಟ್ಟಿಲು ಹತ್ತಿ ಬಂದು ಸಮಾಧಾನ ಮಾಡಿತು. ಅರೆ, ಮನೆಯಲ್ಲಿ ಸಹನಾ "ಥೂ" ಎಂದು ನಿಲ್ಲಿಸಿ ಹಾಳೆ ಎಳೆಯುತ್ತಿದ್ದದ್ದು ಇಲ್ಲೇ ಅಲ್ಲವೇ! ತಿರುಗಿಸಿದೆ. ಹೀಗೇ ಕೊನೆಯ ಹಾಳೆಯವರೆಗೂ ಸಾಗಿತು.

ಚಪ್ಪಾಳೆ ಮುಗಿದ ಮೇಲೆ ಸಹನಾ ನನ್ನ ತೋಳು ಹಿಡಿದಳು. "ಅಜ್ಜಿ, ಮಧ್ಯದಲ್ಲಿ ನಾನ್ ತಲೆ ಆಡಿಸೋದೇ ಮರ್ತ್ಬಿಟ್ಟೆ. ಹೇಗೆ ತಿರುಗಿಸ್ದೆ?"

"ಆಡಿಸ್ಲಿಲ್ವೇನೆ? ನಾನ್ ನೋಡ್ಲೇ ಇಲ್ವಲ್ಲ!"

ಹಾಳೆ ತಿರುಗಿಸಿದವರು ಎದ್ದು ನಮಸ್ಕಾರ ಮಾಡುವ ಪದ್ಧತಿ ಇಲ್ಲವಂತೆ. ಚಪ್ಪಾಳೆ ಆ ಮೂವರಿಗೇ. ಆಗಲಿ. ಜನ ಎದುರಿಗೆ ಕೂತು ಕೇಳಿದರು. ನಾನು ಮಾತ್ರ ಈ ಮೂವರ ನಡುವೆ ಕೂತು, ವಿನಯ ಉಸಿರು ಎಳೆದುಕೊಳ್ಳುವುದನ್ನೂ ಮೊಮ್ಮಗಳು ತುಟಿಯೊಳಗೇ ಒಂದು, ಎರಡು ಎಣಿಸುವುದನ್ನೂ ಕೇಳಿದೆ. ಅಷ್ಟು ಒಳ್ಳೆಯ ಜಾಗಕ್ಕೆ ಟಿಕೆಟ್ಟೇ ಮಾರುವುದಿಲ್ಲ.